ದಂಡದ ಲೆಕ್ಕದಲ್ಲಿ ನಮ್ಮ ಬಾವಿ ಎಲ್ಲಿದೆ?

ಕಾರ್ಖಾನೆ ವಿಷದ ನೀರು ಬಿಟ್ಟರೆ ಅಧಿಕಾರಿಗಳು ಬಂದು ಮನಸ್ಸಿಗೆ ತೋಚಿದಷ್ಟು ದಂಡ ಬರೆದು ಹೋಗ್ತಾರೆ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಮಾಡಿದ ಒಂದು ಸೂತ್ರ ಇದೆ. ಏಳನೇ ಇಯತ್ತೆಯ ಗುಣಾಕಾರ ಬಂದರೆ ಸಾಕು, ನಾವೇ ಲೆಕ್ಕ ಹಾಕಬಹುದು.

ಕೆಂಪು ವರ್ಗದ ಉದ್ದಿಮೆಗೆ 80 ಅಂಕ, ಕಿತ್ತಳೆಗೆ 50, ಹಸಿರಿಗೆ 30. ಇದನ್ನು ಸಾಮಾನ್ಯವಾಗಿ 250 ರೂಪಾಯಿಯಿಂದ ಗುಣಿಸ್ತಾರೆ. ಸಣ್ಣ ಉದ್ದಿಮೆಯಾದರೆ ಬಂದದ್ದರ ಅರ್ಧ, ದೊಡ್ಡದಾದರೆ ಒಂದೂವರೆ ಪಟ್ಟು. ಆಮೇಲೆ ಊರಿನ ಜನಸಂಖ್ಯೆ: 10 ಲಕ್ಷದೊಳಗಿದ್ದರೆ 1, ಕೋಟಿ ಮುಟ್ಟಿದರೆ 2. ಕೊನೆಗೆ ತಪ್ಪು ನಡೆದ ದಿನಗಳಿಂದ ಗುಣಿಸೂದು.

ಕಾಗದ, ಕಾಸ್ಟಿಕ್ ಸೋಡಾ ಕಾರ್ಖಾನೆಗಳೆಲ್ಲ ಕೆಂಪು ವರ್ಗದವು. ಅಂಥದೊಂದು ದೊಡ್ಡ ಕಾರ್ಖಾನೆ ನಮ್ಮ ಜಿಲ್ಲೆಯಲ್ಲಿ ತಪ್ಪಿದರೆ ದಿನಕ್ಕೆ 30,000 ರೂಪಾಯಿ. ಅದೇ ತಪ್ಪು ಕೋಟಿ ಜನರಿರುವ ನಗರದಲ್ಲಾದರೆ 60,000. ತಲೆ ಎಣಿಸ್ತಾರೆ, ಬಾವಿ ಎಣಿಸೂದಿಲ್ಲ. ನಗರದವರಿಗೆ ನಳ ಇದೆ, ಟ್ಯಾಂಕರ್ ಇದೆ. ಹೊಳನಗದ್ದೆಯಂಥ ಊರಲ್ಲಿ ಕುಡಿಯೂದಕ್ಕೂ ದನಕ್ಕೂ ಅದೇ ಬಾವಿ. ನನ್ನಂತೆ ಮಳೆ ನಂಬಿ ಸಾಗುವಳಿ ಮಾಡುವವನಿಗೆ ಮಣ್ಣು ಒಮ್ಮೆ ಕೆಟ್ಟರೆ ತೊಳೆಯಲು ಬೇರೆ ನೀರೂ ಇಲ್ಲ.

ದಿನಗಳ ಎಣಿಕೆ ಇನ್ನೂ ವಿಚಿತ್ರ. ಮಂಡಳಿಯವರು ತಪ್ಪು ಕಂಡ ದಿನದಿಂದ, ಅದು ಸರಿಯಾಯ್ತು ಎಂದು ಅವರೇ ಖಾತ್ರಿ ಮಾಡುವವರೆಗೆ. ಅದಕ್ಕೂ ಮೊದಲು ಮಳೆಗಾಲವಿಡೀ ಹೊಲಸು ಹರಿದಿದ್ದರೂ ಕಡತದಲ್ಲಿ ಇಲ್ಲದಿದ್ದರೆ ಇಲ್ಲ.

ಅಪಾಯಕಾರಿ ತ್ಯಾಜ್ಯಕ್ಕೆ ಬೇರೆ ಲೆಕ್ಕ. ಎಷ್ಟು ಟನ್, ಎಷ್ಟು ಅಪಾಯದ್ದು ಎಂದು ನೋಡ್ತಾರೆ. ಆದರೆ ಟನ್ನಿನ ದಾಖಲೆ ಬರೆದಿಡುವವರು ಕಾರ್ಖಾನೆಯವರೇ!

ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಐದು ವರ್ಷದವರೆಗೆ ಜೈಲಿತ್ತು. 2024ರ ಏಪ್ರಿಲ್‌ನಿಂದ ಅದನ್ನು ತೆಗೆದು 10,000ದಿಂದ 15 ಲಕ್ಷ ರೂಪಾಯಿ ದಂಡ ಇಟ್ಟಿದ್ದಾರೆ. ಆ ದಂಡವನ್ನೂ ಕಟ್ಟದಿದ್ದರೆ ಮಾತ್ರ ಜೈಲಿನ ಮಾತು. ದೊಡ್ಡವರಿಗೆ 15 ಲಕ್ಷ ಏನು ಲೆಕ್ಕ? ಆದರೂ ಈ ತಿದ್ದುಪಡಿಯಲ್ಲಿ ನಮಗೆ ಬೇಕಾದ ಒಂದು ಮಾತು ಸೇರಿದೆ. ದಂಡ ನಿರ್ಧರಿಸುವ ಅಧಿಕಾರಿ ಎಷ್ಟು ಪ್ರದೇಶಕ್ಕೆ ಪೆಟ್ಟಾಯ್ತು, ಎಷ್ಟು ದಿನ, ಬಾಧೆ ಪಟ್ಟವರು ಎಷ್ಟು ದುರ್ಬಲರು, ಉದ್ದಿಮೆಗೆ ಎಷ್ಟು ಅನ್ಯಾಯದ ಲಾಭವಾಯ್ತು ಎಂದೆಲ್ಲ ನೋಡಬೇಕು.

ರಾಜಸ್ಥಾನದ ಉದಯಪುರದ ಹತ್ತಿರ ಬಿಛ್ರಿ ಎಂಬ ಹಳ್ಳಿ. 1988ರ ಸುಮಾರಿಗೆ ಅಲ್ಲಿ ಎಚ್-ಆಸಿಡ್ ತಯಾರಿಸಿದವರ ಕೆಸರಿನಿಂದ ಸುತ್ತಲಿನ ಬಾವಿಗಳ ನೀರು ಬಣ್ಣ ತಿರುಗಿ ಕುಡಿಯಲೂ ಬೇಸಾಯಕ್ಕೂ ಬಾರದಾಯಿತು. 1996ರಲ್ಲಿ ಸುಪ್ರೀಂ ಕೋರ್ಟು, ಮಣ್ಣು ನೀರು ಸರಿಮಾಡುವ ಖರ್ಚನ್ನೇ ಕಾರ್ಖಾನೆಯವರು ಕೊಡಬೇಕು ಅಂತು. ಅವರು ಕೋರ್ಟಿನಲ್ಲಿ ಎಳೆದಾಡುತ್ತಲೇ ಇದ್ದರು. 2011ರಲ್ಲಿ 37 ಕೋಟಿ 38 ಲಕ್ಷ ರೂಪಾಯಿಗೆ ಚಕ್ರಬಡ್ಡಿ ಸೇರಿಸಿ ಕಟ್ಟಿ ಎಂದು ಮತ್ತೆ ಹೇಳಬೇಕಾಯ್ತು. ತಡವಾದರೂ ಅಳತೆ ಸರಿ. ಬಾವಿ ಸರಿಮಾಡಲು ಎಷ್ಟು ಬೇಕೋ ಅಷ್ಟು.

ಎಲ್ಲ ಕಡೆಯೂ ಮೊದಲು ಅದನ್ನೇ ವಸೂಲು ಮಾಡಬೇಕು, ಸರಕಾರಕ್ಕೆ ಹೋಗುವ ದಂಡ ಆಮೇಲೆ ಎಂಬುದು ನನ್ನ ವಾದ. ಅಲ್ಲಿಯವರೆಗೆ ನಮ್ಮ ಕೈಲಾಗುವುದೂ ಇದೆ. ಉದ್ದಿಮೆ ಬರುವ ಸುದ್ದಿ ಸಿಕ್ಕಿದ ಕೂಡಲೇ ಬಾವಿ ನೀರು ಪರೀಕ್ಷೆ ಮಾಡಿಸಿ ಕಾಗದ ತೆಗೆದಿಡಿ. ಇಲ್ಲದಿದ್ದರೆ ನಿಮ್ಮ ಬಾವಿ ಮೊದಲೇ ಉಪ್ಪಾಗಿತ್ತು ಅಂತಾರೆ. ನೀರಿನ ಬಣ್ಣ ಬದಲಾದ ದಿನವೇ ಕಾರವಾರದ ಮಂಡಳಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಕೆಟ್ಟ ಬಾವಿ ಎಷ್ಟು, ಗದ್ದೆ ಎಷ್ಟು ಗುಂಟೆ ಎಂದು ಸರ್ವೆ ನಂಬರಿನ ಜೊತೆ ಬರೆಯಿರಿ. ಪಂಚಾಯತಿಗೆ ಒಂದು ಪ್ರತಿ. ತಾರೀಕು ಹಾಕಿದ ಸೀಲು ಬೀಳದೆ ಎದ್ದು ಬರಬೇಡಿ.