ಮೊಂಡು ಬಿಟ್, ಹುಡುಗನ ರಟ್ಟೆ (ಭಾಗ 4)

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆ ಟ್ರೇಲರ್, ಗೇಟು, ಗ್ರಿಲ್ ಮಾಡೋ ವೆಲ್ಡಿಂಗ್ ಶಾಪ್ ಮಾಲೀಕರೇ, ಇವತ್ತಿಂದು ನಿಮಗೇ.

ತೂತು ಬೀಳ್ತಿಲ್ಲ ಅಂದ್ರೆ ಹುಡುಗನಿಗೆ ‘ಇನ್ನೂ ಒತ್ತಲೇ’ ಅಂತೀರಲ್ಲ, ಮೊಂಡಾಗಿರೋದು ಡ್ರಿಲ್ ಬಿಟ್, ಅವನ ರಟ್ಟೆಯಲ್ಲ. ಕುಡುಗೋಲು ಮೊಂಡಾದ್ರೆ ಮಸೀತೀರಿ, ಇದನ್ಯಾಕೆ ಮಸೆಯಲ್ಲ? ಮಾಮೂಲಿ ಕಬ್ಬಿಣಕ್ಕೆ ತುದಿ 118 ಡಿಗ್ರಿ ಇರಲಿ, ಎರಡೂ ಅಂಚು ಒಂದೇ ಉದ್ದ. ಎರಡೂ ಕಡೆ ಸುರುಳಿ ಸಮನಾಗಿ ಬಂದ್ರೆ ಸಾಣೆ ಸರಿ ಬಿದ್ದಿದೆ. ಸ್ಟೇನ್‌ಲೆಸ್ ಸ್ಟೀಲಿಗೆ ಕೋಬಾಲ್ಟ್ ಬಿಟ್, ಕಮ್ಮಿ ಸ್ಪೀಡು, ಎಣ್ಣೆ. ಬಂಗಾರದ ಬಣ್ಣಕ್ಕೆ ಮರುಳಾಗಬೇಡಿ; ಅದು ಮೇಲಿನ ಲೇಪ, ಒಂದ್ಸಲ ಸಾಣೆ ಹಿಡಿದ್ರೆ ತುದೀಲಿ ಉಳಿಯಲ್ಲ.

ಒತ್ತಿ ಒತ್ತಿ ಬಿಟ್ ಮುರಿದ್ರೆ ಚೂರು ಹಾರೋದು ಹುಡುಗನ ಕಣ್ಣಿಗೆ. ಕನ್ನಡಕ ಕೊಡಿಸಿ. ಅದರ ದುಡ್ಡು ಅವನ ಪಗಾರದಾಗೆ ಹಿಡೀಬೇಡಿ.