ವೇಗ ಆಮೇಲೆ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ‘ಸಾರ್, ನಮ್ಮ ಕಂಪ್ಯೂಟರಿನ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲಾ? ಅಂಗಡಿ ಲೆಕ್ಕಕ್ಕೆಂದು ಅಪ್ಪ ತಂದದ್ದು. ಸುಟ್ಟುಹೋದರೆ ಬೈತಾರೆ’ ಎಂದ.

ಪ್ರೊಸೆಸರಿನ ವೇಗವೆಂದರೆ ಒಂದು ಗುಣಾಕಾರ, ಅಷ್ಟೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ನೋಡಿ. ಬಸ್ಸಿನ ವೇಗ 66 ಮೆಗಾಹರ್ಟ್ಸ್, ಗುಣಕ 4.5, ಗುಣಲಬ್ಧ ಸುಮಾರು 300. ಗುಣಕಕ್ಕೆ ಕಂಪನಿ ಬೀಗ ಹಾಕಿತ್ತು. ಜಾಣರು ಬಸ್ಸನ್ನೇ 100ಕ್ಕೆ ಏರಿಸಿ 450 ಪಡೆದರು!

ಆದರೆ ಪುಕ್ಕಟೆ ಏನೂ ಸಿಗದು. ವೇಗ ಏರಿದಂತೆ ಶಾಖವೂ ಏರುತ್ತದೆ. ವೋಲ್ಟೇಜ್ ಏರಿಸಿದರೆ ಅದರ ವರ್ಗಕ್ಕೆ ಅನುಗುಣವಾಗಿ. ಶೇ 10 ಹೆಚ್ಚಿಸಿದರೆ ವಿದ್ಯುತ್ ಖರ್ಚು ಸುಮಾರು ಶೇ 21 ಹೆಚ್ಚು.

ಹೊಸಬರು ಮೊದಲು ತಮ್ಮ ಚಿಪ್ಪಿನ ಗುಣಕ ಬದಲಿಸಲು ಬರುತ್ತದೆಯೇ ನೋಡಬೇಕು. ಫ್ಯಾನಿನ ಧೂಳು ತೆಗೆದು, ಹಳೆಯ ಅಂಕಿಗಳನ್ನು ಬರೆದಿಟ್ಟು, ವೋಲ್ಟೇಜ್ ಮುಟ್ಟದೆ, 100 ಮೆಗಾಹರ್ಟ್ಸ್‌ನಂತೆ ಮೆಟ್ಟಿಲು ಹತ್ತಿ. ಪ್ರತಿ ಮೆಟ್ಟಿಲಲ್ಲೂ ಗಂಟೆಗಟ್ಟಲೆ ಭಾರದ ಕೆಲಸ ಕೊಟ್ಟು ಉಷ್ಣತೆ ಗಮನಿಸಿ. ಯಂತ್ರ ತಡವರಿಸಿದರೆ ಕೆಳಗಿಳಿಯಿರಿ.

ಇಂದಿನ ಚಿಪ್ಪು ಅತಿಯಾಗಿ ಕಾದರೆ ತಾನೇ ನಿಧಾನವಾಗುತ್ತದೆ, ಸುಡುವುದು ಅಪರೂಪ. ನಿಜವಾದ ಭಯ ಬೇರೆ. ಮಿತಿ ಮೀರಿ ಓಡಿದ ಪ್ರೊಸೆಸರ್ ಸದ್ದಿಲ್ಲದೆ ತಪ್ಪು ಉತ್ತರ ಕೊಡಬಹುದು, ಕಡತ ಕೆಡಿಸಬಹುದು.

‘ಮೊದಲು ಅಪ್ಪನ ಲೆಕ್ಕಕ್ಕೆ ಇನ್ನೊಂದು ಪ್ರತಿ ತೆಗೆದಿಡಪ್ಪ. ಆಮೇಲೆ ಅವರನ್ನೇ ಕೇಳು. ವೇಗ ಅದರ ಆಮೇಲೆ’ ಎಂದು ಹೇಳಿ ಕಳಿಸಿದೆ.