ಮದಕರಿಯ ಪಕ್ಕದಲ್ಲಿ ಒಕೊಂಕ್ವೊ

ಚಿತ್ರದುರ್ಗದ ಕಡೆಯ ಪಾಳೆಯಗಾರನಾದ ಮದಕರಿನಾಯಕನಲ್ಲಿ ನಮ್ಮ ಸೀಮೆಯ ಜನಕ್ಕಿರುವ ಅಭಿಮಾನವು ಎಷ್ಟು ಗಾಢವಾದುದೆಂಬುದನ್ನು ಹೊಳಲ್ಕೆರೆ, ಹಿರಿಯೂರು, ಹೊಸದುರ್ಗಗಳ ಯಾವ ಊರಿನಲ್ಲಿ ಬೇಕಾದರೂ ಕಾಣಬಹುದು. ದುರ್ಗದ ಮೊದಲ ನಾಯಕನಾದ ತಿಮ್ಮಣ್ಣನಾಯಕನು ವಿಜಯನಗರದರಸರಿಂದ ಮೊದಲು ಹೊಳಲ್ಕೆರೆಯ ನಾಯಕತನವನ್ನು ಪಡೆದು, ಆಮೇಲೆ ಬೆಟ್ಟದ ಕೋಟೆಗೆ ಏರಿದನೆಂದು ಚರಿತ್ರೆ ಹೇಳುವುದರಿಂದ, ಆ ವಂಶದ ಉದಯದಲ್ಲಿಯೂ ಅಸ್ತದಲ್ಲಿಯೂ ನಮಗೆ ಪಾಲುಂಟು. ಈ ಅಭಿಮಾನವು ನನ್ನದೂ ಹೌದು. ಆದರೆ ನಾಯಕನನ್ನು ಕಳಂಕವೇ ಇಲ್ಲದ ಮೂರ್ತಿಯನ್ನಾಗಿ ಮಾಡಿ, ಅವನ ಪತನದ ಹೊಣೆಯನ್ನೆಲ್ಲ ಹೊರಗಿನ ಶತ್ರುವಿನ ಮೇಲೂ ಒಳಗಿನ ದ್ರೋಹಿಯ ಮೇಲೂ ಹೊರಿಸಿ, ಹಾರ ಹಾಕಿ ಕೈಮುಗಿದು ಮನೆಗೆ ಹಿಂದಿರುಗುವ ಅಭ್ಯಾಸವು ದಿನೇ ದಿನೇ ಬಲಿಯುತ್ತಿರುವುದನ್ನು ನೋಡಿದಾಗ, ನಾವು ಅವನನ್ನು ಗೌರವಿಸುತ್ತಿದ್ದೇವೆಯೋ ಕಳೆದುಕೊಳ್ಳುತ್ತಿದ್ದೇವೆಯೋ ಎಂಬ ಕಳವಳ ನನ್ನನ್ನು ಬಿಡದು.

ಈ ಕಳವಳವನ್ನು ವಿಶದಪಡಿಸಲು ಬಹು ದೂರದ ಒಂದು ಕಾದಂಬರಿಯ ನೆರವನ್ನು ಪಡೆಯುತ್ತೇನೆ. ನೈಜೀರಿಯದ ಇಗ್ಬೊ ಜನಾಂಗದಲ್ಲಿ ಹುಟ್ಟಿದ ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಎಂಬ ಕೃತಿಯ ನಾಯಕನು ಒಕೊಂಕ್ವೊ. ಉಮುವೋಫಿಯ ಎಂಬ ಗ್ರಾಮಸಮೂಹದಲ್ಲಿ ಕುಸ್ತಿಯಿಂದ ಹೆಸರಾಗಿ, ಗೆಣಸಿನ ಬೆಳೆಯಿಂದ ಸಂಪನ್ನನಾಗಿ, ಮೂವರು ಹೆಂಡಿರ ಮನೆಯನ್ನು ಕಟ್ಟಿ, ಬಿರುದುಗಳನ್ನು ಸಂಪಾದಿಸಿದ ಈ ವೀರನ ಎದೆಯ ಆಳದಲ್ಲಿ ಇದ್ದುದು ಒಂದೇ ಭಯ: ತಂದೆಯಂತೆ ಆಗಿಬಿಡುವೆನೇನೋ ಎಂಬುದು. ತಂದೆ ಉನೋಕನು ಕೊಳಲನ್ನು ಪ್ರೀತಿಸಿದವನು, ಊರೆಲ್ಲ ಸಾಲಮಾಡಿದವನು, ಒಂದು ಬಿರುದೂ ಇಲ್ಲದೆ ಸತ್ತವನು. ಆದುದರಿಂದ ಮಗನು ಆಲಸ್ಯವನ್ನು ದ್ವೇಷಿಸಿದಷ್ಟೇ ಮಾರ್ದವವನ್ನೂ ದ್ವೇಷಿಸಿದನು. ಕೊಲೆಯೊಂದರ ಪರಿಹಾರವಾಗಿ ನೆರೆಯ ಗ್ರಾಮವು ಒಪ್ಪಿಸಿದ ಇಕೆಮೆಫೂನ ಎಂಬ ಹುಡುಗನು ಮೂರು ವರ್ಷ ಅವನ ಮನೆಯಲ್ಲಿ ಬೆಳೆದು ಅವನನ್ನು ಅಪ್ಪನೆಂದೇ ಕರೆಯತೊಡಗಿದ್ದಾಗ, ಹುಡುಗನನ್ನು ಕೊಲ್ಲಬೇಕೆಂದು ದೈವವಾಣಿಯಾಗುತ್ತದೆ. ಈ ಕಾರ್ಯದಲ್ಲಿ ನಿನ್ನ ಕೈ ಇರಕೂಡದೆಂದು ಊರಿನ ಹಿರಿಯನೊಬ್ಬನು ಎಚ್ಚರಿಸಿದ್ದರೂ, ಕಾಡಿನ ಹಾದಿಯಲ್ಲಿ ಪೆಟ್ಟು ತಿಂದ ಬಾಲಕನು ರಕ್ಷಣೆಯನ್ನು ಅರಸಿ ತನ್ನತ್ತಲೇ ಓಡಿಬಂದಾಗ, ಜನ ತನ್ನನ್ನು ದುರ್ಬಲನೆಂದಾರೆಂಬ ಅಂಜಿಕೆಯಿಂದ ಒಕೊಂಕ್ವೊ ಸ್ವಹಸ್ತದಿಂದಲೇ ಅವನನ್ನು ಕಡಿದುಹಾಕುತ್ತಾನೆ.

ಈ ಒಂದು ಏಟಿನಲ್ಲಿಯೇ ಕಾದಂಬರಿಯ ಸಮಸ್ತ ದುರಂತವೂ ಬೀಜರೂಪವಾಗಿ ಅಡಗಿದೆಯೆಂದು ನನ್ನ ಭಾವನೆ. ಬಿಳಿಯರು ಇನ್ನೂ ಬಂದಿಲ್ಲ, ಚರ್ಚು ಎದ್ದಿಲ್ಲ, ನ್ಯಾಯಾಲಯ ಕುಳಿತಿಲ್ಲ. ಆದರೂ ಆ ರಾತ್ರಿ ಒಕೊಂಕ್ವೊನ ಸ್ವಂತ ಮಗ ನ್ವೋಯೆಯ ಅಂತರಂಗದಲ್ಲಿ ಏನೋ ಮುರಿಯುತ್ತದೆ. ಮುಂದೆ ಪಾದ್ರಿಗಳು ಹಾಡುತ್ತ ಬಂದಾಗ ಆ ಮುರುಕಿಗೆ ಸಮಾಧಾನ ದೊರೆತು, ನ್ವೋಯೆ ಅವರೊಡನೆ ಹೊರಟುಹೋಗುತ್ತಾನೆ. ಅವನೊಂದಿಗೆ ಹೋದವರಾದರೂ ಯಾರು? ಅವಳಿ ಮಕ್ಕಳನ್ನು ಹೆತ್ತ ತಪ್ಪಿಗೆ ಆ ಹಸುಳೆಗಳನ್ನು ಮತ್ತೆ ಮತ್ತೆ ಕಾಡಿನಲ್ಲಿ ಎಸೆದುಬರಬೇಕಾಗಿದ್ದ ತಾಯಿ. ಊರಿನವರೊಡನೆ ಬೆರೆಯಲಾಗದೆ, ಕೂದಲು ಕತ್ತರಿಸಲಾಗದೆ ಬದುಕಬೇಕಾಗಿದ್ದ ‘ಓಸು’ ಎಂಬ ಬಹಿಷ್ಕೃತರು. ವಸಾಹತುಶಾಹಿಯ ಕ್ರೌರ್ಯವನ್ನು ಅಚೆಬೆ ಎಲ್ಲಿಯೂ ಮನ್ನಿಸಿದವರಲ್ಲ. ತಮ್ಮ ಜನರ ನ್ಯಾಯಪದ್ಧತಿ, ಮಾತಿನ ಸೊಬಗು, ಹಬ್ಬ, ಅತಿಥಿಸತ್ಕಾರಗಳನ್ನು ಎದೆ ತುಂಬಿ ಚಿತ್ರಿಸಿದವರು ಅವರು. ಅಂತಹವರೇ ತಮ್ಮ ಗೋಡೆಯಲ್ಲಿದ್ದ ಬಿರುಕುಗಳನ್ನು ಮುಚ್ಚದೆ ತೋರಿಸಿದುದು ಪ್ರೀತಿಯ ಕೊರತೆಯಿಂದಲ್ಲ, ಪ್ರೀತಿಯ ಪ್ರಾಮಾಣಿಕತೆಯಿಂದ. ಕೊನೆಗೆ, ಜಿಲ್ಲಾಧಿಕಾರಿಯ ದೂತನನ್ನು ಕೊಂದ ಒಕೊಂಕ್ವೊ ತನ್ನ ಕುಲವು ತನ್ನ ಹಿಂದೆ ಏಳದೆಂಬುದನ್ನು ಕಂಡು ನೇಣುಹಾಕಿಕೊಂಡಾಗ, ಆತ್ಮಹತ್ಯೆಯು ಭೂದೇವಿಗೆ ಮಾಡಿದ ಮಹಾಪರಾಧವಾದ್ದರಿಂದ, ಕುಲಧರ್ಮಕ್ಕಾಗಿಯೇ ಬಾಳಿದವನ ಶವವನ್ನು ಅವನ ಕುಲದವರು ಮುಟ್ಟಲಾರದೆ ಹೋಗುತ್ತಾರೆ.

ಇಂತಹ ನಾಯಕನನ್ನು ಅರಿಯುವ ಕಣ್ಣು ಕನ್ನಡಿಗರಿಗೆ ಹೊಸದೇನೂ ಅಲ್ಲ. ರನ್ನನು ಗದಾಯುದ್ಧದ ದುರ್ಯೋಧನನಲ್ಲಿ ದೋಷವನ್ನೂ ಘನತೆಯನ್ನೂ ಒಂದೇ ಉಸಿರಿನಲ್ಲಿ ಕಂಡನು. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನಲ್ಲಿ ಆವಾಹಿಸಿ ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದರು. ಆ ಏಜಾಕ್ಸನೂ ಅಪಮಾನವನ್ನು ತಾಳಲಾರದೆ ತನ್ನ ಕತ್ತಿಗೆ ತಾನೇ ಬಿದ್ದವನು, ಅವನ ಶವಸಂಸ್ಕಾರವೂ ವಿವಾದಕ್ಕೊಳಗಾದುದು ಎಂಬುದನ್ನು ನೆನೆದರೆ, ಗ್ರೀಸಿನಿಂದ ಉಮುವೋಫಿಯಕ್ಕೆ ಹಾದಿ ಅಷ್ಟೇನೂ ದೂರವೆನಿಸುವುದಿಲ್ಲ.

ಈಗ ನಮ್ಮ ದುರ್ಗಕ್ಕೆ ಬರೋಣ. ತಳುಕಿನ ಮನೆತನದ ತ. ರಾ. ಸುಬ್ಬರಾಯರು (1920–1984) ತಮ್ಮ ಬಾಳಿನ ಬಹುಭಾಗವನ್ನು ಈ ಕೋಟೆಯ ಕಥೆಗೆ ಮುಡಿಪಾಗಿಟ್ಟರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಓದಿದವರು, ಹೊರಗಿನವನು ಏಣಿ ಹಾಕುವುದಕ್ಕೆ ಎಷ್ಟೋ ಮುಂಚೆಯೇ ಅರಮನೆಯೊಳಗೆ ದಳವಾಯಿ ಮುದ್ದಣ್ಣನ ಅಧಿಕಾರದಾಹವು ಹರಿಸಿದ ನೆತ್ತರನ್ನು ಮರೆಯಲಾರರು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅವರು ನಮ್ಮೊಂದಿಗೆ ಇರಲಿಲ್ಲ. ಆ ಕೃತಿಯ ಮದಕರಿಯು ಪ್ರತಿಮೆಯಲ್ಲ, ಮನುಷ್ಯ. 1754ರಲ್ಲಿ ಕಸ್ತೂರಿರಂಗಪ್ಪನಾಯಕನು ಸಂತಾನವಿಲ್ಲದೆ ತೀರಿಕೊಂಡ ಮೇಲೆ, ಗಂಡಿ ಓಬವ್ವ ನಾಗತಿಯು ಜಾನಕಲ್ಲಿನಿಂದ ಕರೆತರಿಸಿ ಗದ್ದುಗೆಯ ಮೇಲೆ ಕುಳ್ಳಿರಿಸಿದ ಹುಡುಗನು ಅವನು. ಎರಡು ಪ್ರಬಲ ಶಕ್ತಿಗಳ ನಡುವೆ, ಒಂದೆಡೆ ಪೇಶ್ವೆಯ ಮರಾಠರು ಮತ್ತೊಂದೆಡೆ ಹೈದರಾಲಿ, ಯಾರಿಗೂ ಸಂಪೂರ್ಣವಾಗಿ ತಲೆಬಾಗದೆ ಉಳಿಯುತ್ತೇನೆಂದು ಹೊರಟ ಅಭಿಮಾನ ಅವನದು. ಹೈದರನ ಪರವಾಗಿ ಒಮ್ಮೆ ಕಾದಿದ್ದವನು ಮತ್ತೊಮ್ಮೆ ಅವನಿಗೆ ನೆರವೀಯಲು ಹಿಂಜರಿದನು. 1777ರ ಮುತ್ತಿಗೆಯು ಮರಾಠ ಸೈನ್ಯದ ಆಗಮನದಿಂದಲೂ ಭಾರಿ ಕಾಣಿಕೆಯಿಂದಲೂ ತಪ್ಪಿತಾದರೂ, 1779ರಲ್ಲಿ ಒಳಗಿನ ಕೆಲವರ ದ್ರೋಹವೂ ಸೇರಿ ಕೋಟೆ ಬಿದ್ದಿತು. ಕಾದಂಬರಿಯ ಕೊನೆಯ ಪುಟಗಳನ್ನು ಇಲ್ಲಿ ಬಿಡಿಸಿ ಹೇಳಲಾರೆ. ಅವು ಓದುವವರ ಹಕ್ಕು.

ದ್ರೋಹ ನಡೆದುದು ನಿಜ. ಆದರೆ ದ್ರೋಹವೊಂದರಿಂದಲೇ ಏಳು ಸುತ್ತಿನ ಕೋಟೆ ಬಿದ್ದಿತೆಂದರೆ ಮದಕರಿಯು ಕೇವಲ ಮೋಸಹೋದವನಾಗುತ್ತಾನೆಯೇ ಹೊರತು ದುರಂತನಾಯಕನಾಗುವುದಿಲ್ಲ. ಯಾವ ಗುಣದಿಂದ ಅವನು ದೊಡ್ಡವನಾದನೋ, ಆ ಬಗ್ಗದ ಸ್ವಾಭಿಮಾನ, ಬಂಡೆಗಳ ಮೇಲಿನ ಆ ಅಚಲ ವಿಶ್ವಾಸ, ಅದೇ ಗುಣವು ಕಾಲ ಬದಲಾದಾಗ ಅವನ ದಾರಿಯನ್ನು ಮುಚ್ಚಿತೆಂದು ಒಪ್ಪಿಕೊಂಡಾಗ ಮಾತ್ರ ಅವನ ಎತ್ತರ ನಮಗೆ ಕಾಣುತ್ತದೆ. ಒಕೊಂಕ್ವೊನ ದೋಷ ಭಯದಿಂದ ಹುಟ್ಟಿದುದು, ಮದಕರಿಯದು ಧೈರ್ಯದಿಂದ. ಇಬ್ಬರನ್ನೂ ಸಮವೆಂದು ತೂಗುವುದು ನನ್ನ ಉದ್ದೇಶವಲ್ಲ, ಮದಕರಿಯಲ್ಲಿ ಇಕೆಮೆಫೂನನ ಕೊಲೆಗೆ ಸರಿದೊರೆಯಾದ ಪಾಪವೊಂದನ್ನು ನಾನು ಕಂಡೂ ಇಲ್ಲ.

ಆದರೆ ಇಬ್ಬರ ಕಥೆಯೂ ಮಕ್ಕಳ ವಿಷಯದಲ್ಲಿ ಮಾತ್ರ ಎದೆ ನಡುಗುವಷ್ಟು ಸಮೀಪಕ್ಕೆ ಬರುತ್ತದೆ. ಕೋಟೆ ಬಿದ್ದ ಮೇಲೆ ನಾಯಕನನ್ನೂ ಅವನ ಪರಿವಾರವನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ದುರ್ಗದ ಬೇಡರಲ್ಲಿ 20,000 ಮಂದಿಯನ್ನು ಆ ದ್ವೀಪಕ್ಕೆ ಕೊಂಡೊಯ್ದು, ಅವರ ಗಂಡುಮಕ್ಕಳನ್ನು ಮತಾಂತರಿಸಿ ‘ಚೇಲಾ’ ಪಡೆಗಳನ್ನಾಗಿ ಕಟ್ಟಿದರೆಂದು ಮೈಸೂರಿನ ಗ್ಯಾಸೆಟಿಯರು ದಾಖಲಿಸಿದೆ. ನ್ವೋಯೆ ತಾನಾಗಿ ಹೋಗಿ ಐಸಾಕನಾದನು. ಈ ಮಕ್ಕಳನ್ನು ಬಲಾತ್ಕಾರವಾಗಿ ಒಯ್ದರು. ಎರಡೆಡೆಯಲ್ಲಿಯೂ ಸೋತವರ ಸಂತಾನವು ಗೆದ್ದವರ ಬಲವಾಯಿತು. ನಾಯಕನ ಜಯಕಾರ ಕೂಗುವ ನಾವು ಹೆಸರಿಲ್ಲದ ಆ ಹುಡುಗರನ್ನು ಒಂದು ಸಲವಾದರೂ ನೆನೆಯಬೇಡವೆ? ಅವರ ಮೇಲೆ ಇನ್ನೂ ಒಂದು ಕಾದಂಬರಿ ಬರೆಯಬೇಕಾಗಿದೆ.

ಅಚೆಬೆಯನ್ನು ಓದುತ್ತಿರುವಾಗ ನನ್ನನ್ನು ಬಾಧಿಸುವ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ಎಳೆಗೂಸಿನ ಸಮೇತ ಊರಾಚೆಯ ಗುಡಿಸಲಿನಲ್ಲಿರಿಸುವ ಪದ್ಧತಿಯು ಇಂದಿಗೂ ನಿರ್ಮೂಲವಾಗಿಲ್ಲ. ಬುಡಕಟ್ಟಿನ ವೀರರ ಕಾವ್ಯಗಳನ್ನು ಹಾಡಿ ಉಳಿಸಿಕೊಂಡು ಬಂದ ಹಟ್ಟಿಗಳಲ್ಲಿಯೇ ಚಳಿಯಲ್ಲಿ ನಡುಗುವ ಬಾಣಂತಿಯೂ ಇದ್ದಾಳೆ. ಆ ಹಾಡನ್ನು ಕೊಂಡಾಡಿ ಅವಳನ್ನು ಕಾಣದೆ ಹೋಗುವವನು ಸಂಪ್ರದಾಯದ ಮಿತ್ರನಲ್ಲ. ಅವಳ ಹೆಸರು ಹೇಳಿ ಹಟ್ಟಿಯ ಸಂಸ್ಕೃತಿಯನ್ನೇ ಹಳಿಯುವವನೂ ಅಲ್ಲ. ಅಚೆಬೆಯ ಲೇಖನಿ ಈ ಎರಡು ಅವಿವೇಕಗಳಿಂದಲೂ ಪಾರಾಗಿ ನಡೆದುದರಿಂದಲೇ ಅವರ ಪುಸ್ತಕವು ನಮ್ಮ ಪಾಲಿಗೆ ಪರದೇಶದ್ದಾಗಿ ಉಳಿದಿಲ್ಲ.

ಆದುದರಿಂದ ನಮ್ಮ ತಾಲ್ಲೂಕುಗಳ ಕಾಲೇಜುಗಳಲ್ಲಿ ‘ದುರ್ಗಾಸ್ತಮಾನ’ವನ್ನೂ ಅಚೆಬೆಯ ಕೃತಿಯ ಕನ್ನಡ ರೂಪವನ್ನೂ ಒಂದೇ ವರ್ಷ, ಒಂದೇ ತರಗತಿಯಲ್ಲಿ, ಒಟ್ಟಿಗೆ ಓದಿಸಬೇಕೆಂಬುದು ನನ್ನ ಆಗ್ರಹ. ನಾಯಕನ ಜಯಂತಿಯಂದು ಭಾಷಣಸ್ಪರ್ಧೆಗಳನ್ನು ಏರ್ಪಡಿಸುವ ಸಂಘಗಳು ಅವನ ಶೌರ್ಯವನ್ನು ವರ್ಣಿಸಿದವರಿಗಷ್ಟೇ ಬಹುಮಾನ ಕೊಡದೆ, ಅವನು ಎಲ್ಲಿ ಎಡವಿದನು, ಅವನ ಕಾಲದ ಸಮಾಜವು ಯಾರನ್ನು ಹೊರಗಿಟ್ಟಿತು ಎಂಬ ಪ್ರಶ್ನೆಯನ್ನು ಧೈರ್ಯವಾಗಿ ಎತ್ತುವ ವಿದ್ಯಾರ್ಥಿಯ ಮಾತನ್ನೂ ಸಹನೆಯಿಂದ ಆಲಿಸಲಿ. ಅಂತಹ ಪ್ರಶ್ನೆಯನ್ನು ಕೇಳಿದ ಹುಡುಗನನ್ನೋ ಹುಡುಗಿಯನ್ನೋ ವೇದಿಕೆಯಿಂದ ಇಳಿಸುವ ಪ್ರಸಂಗ ಮಾತ್ರ ನಮ್ಮ ಊರುಗಳಲ್ಲಿ ಬರಬಾರದು.